ಎರಡು ಗೆರೆ ಕೂಡುವಲ್ಲಿ

ಬೀರುವಿನ ಬಾಗಿಲು ಹಾರುಹೊಡೆದಿತ್ತು. ಬೀಗ ಮುರಿದಿರಲಿಲ್ಲ. ಒಳಗಿದ್ದ ಡಿಸ್ಕ್ ಮಾಯ.

ಇನ್ಸ್‌ಪೆಕ್ಟರಮ್ಮ ಗಡಿಯಾರ ನೋಡಿದಳು. ಒಂಬತ್ತೂವರೆ. ಹನ್ನೆರಡಕ್ಕೆ ಸಮಿತಿ ಸೇರುತ್ತದೆ. ಧ್ರುವದ ಹಿಮವನ್ನು ಎಲ್ಲಿ ಕೊರೆಯಬೇಕು, ಗುಮ್ಮಟದಂತೆ ಉಬ್ಬಿದ ಎತ್ತರದಲ್ಲೋ ಅದರ ದಕ್ಷಿಣದ ಬಯಲಲ್ಲೋ ಎಂದು ಕೈಯೆತ್ತಿ ತೀರ್ಮಾನಿಸುತ್ತದೆ. ನಾಳೆ ಬೆಳಿಗ್ಗೆ ಹಡಗು ಹೊರಡುತ್ತದೆ.

"ಹೋಗಿದ್ದು ಏನಮ್ಮ?"

"ಎರಡು ತಿಂಗಳ ರೇಡಾರ್ ದಾಖಲೆ," ಎಂದಳು ಸಂಸ್ಥೆಯ ತಂತ್ರಜ್ಞೆ. ಅವಳ ಕೆನ್ನೆಯಲ್ಲಿ ಚಳಿ ಸುಟ್ಟ ಕಲೆ ಇನ್ನೂ ಮಾಸಿರಲಿಲ್ಲ. "ಹಿಮದ ಮೇಲೆ ಗಾಡಿ ಓಡಿಸ್ತಾ, ಅದರ ಹೊಟ್ಟೆಯಲ್ಲಿ ಏನಿದೆ ಅಂತ ನೋಡಿದ್ದು."

"ನಕಲು?"

"ನನ್ನಂಥ ಗುತ್ತಿಗೆಯವರು ನಕಲು ಇಟ್ಕೊಂಡ್ರೆ ಮನೆಗೆ ಕಳಿಸ್ತೀವಿ ಅಂತ ಸುತ್ತೋಲೆ ಇದೆ. ಉಳಿದಿರೋದು ಕಚೇರಿಯವರು ಆಳದ ಲೆಕ್ಕ ಹಾಕಿ ಸಭಾಂಗಣದ ಗೋಡೆಗೆ ಅಂಟಿಸಿರೋ ಎರಡು ಚಿತ್ರ. ಬೆಳಿಗ್ಗೆಯಿಂದ ನನ್ನನ್ನ ಅದರ ಹತ್ತಿರಕ್ಕೂ ಬಿಟ್ಟಿಲ್ಲ."

ನಿರ್ದೇಶಕ ಅವಳ ಮಾತು ತುಂಡರಿಸಿದ. "ಕೀಲಿ ಇವಳ ಹತ್ರ. ಕಳೆದಿದ್ದು ಇವಳು. ಹನ್ನೆರಡಕ್ಕೆ ಇವಳ ಕೆಲಸ ಮುಗೀತು. ಇನ್ನೆಂಥ ತನಿಖೆ?"

"ಇನ್ನೊಂದು ಕೀಲಿ?"

"ನನ್ನ ಡ್ರಾಯರ್‌ನಲ್ಲಿ. ಯಾರು ಬೇಕಾದ್ರೂ ಎತ್ಕೋಬಹುದು."

"ಡಿಸ್ಕ್ ಇಲ್ದೆ ಸಭೆ ಹೇಗೆ?"

"ಚಿತ್ರ ಸಾಕು. ಗುಮ್ಮಟದಲ್ಲಿ ಹಿಮ ಎರಡು ಸಾವಿರದ ಏಳ್ನೂರು ಮೀಟರ್. ಬಯಲಲ್ಲಿ ಮೂರು ಸಾವಿರದ ಇನ್ನೂರು. ಆಳ ಹೆಚ್ಚಿದಷ್ಟೂ ಹಳೇ ಹಿಮ. ಹಳೇದೇ ತಾನೆ ನಮಗೆ ಬೇಕಿರೋದು? ಬಯಲಲ್ಲೇ ಕೊರೀಬೇಕು. ಎಳೆ ಮಗುವಿಗೂ ಅರ್ಥವಾಗುತ್ತೆ."

* * *

ಏಳು ಗಂಟೆಗೆ ಬೀರುವಿನ ಕೋಣೆಯಿಂದ ಚೀಲ ಹಿಡಿದು ಹೊರಬಂದವನನ್ನು ಕಾವಲುಗಾರ ನೋಡಿದ್ದ. ಕೊರೆಯುವ ಎಂಜಿನಿಯರ್. ಎಲ್ಲರ ಬಾಯಲ್ಲೂ ಅವನು 'ಬೈರಿಗೆ'.

"ಚೀಲ ಬಿಚ್ಚು."

ಬೈರಿಗೆ ಕಿವಿವರೆಗೂ ಕೆಂಪಾದ. ಚೀಲದಿಂದ ನಾಲ್ಕು ಜೊತೆ ಉಣ್ಣೆಯ ಕಾಲುಚೀಲ ಉದುರಿದವು.

"ಇಡೀ ಕಟ್ಟಡದಲ್ಲಿ ಬಿಸಿ ಇರೋ ಹೀಟರ್ ಅದೊಂದೇ ಮೇಡಂ. ಒಣಗಿಸ್ತೀನಿ. ಹೆಂಡ್ತಿಗೆ ಹೇಳ್ಬೇಡಿ, ಹೊಸ ತೊಳೆಯೋ ಯಂತ್ರ ಕೊಡಿಸ್ಬೇಕಾಗುತ್ತೆ."

"ನಗಿಸಿ ಜಾರ್ಕೋಬೇಡ. ನಿನಗೆ ಯಾವ ಜಾಗ ಬೇಕು?"

"ಗುಮ್ಮಟ. ನನ್ನ ಯಂತ್ರದ ಹಗ್ಗ ಮೂರು ಸಾವಿರ ಮೀಟರ್ ಅಷ್ಟೆ. ಬಯಲಿಗೆ ಹೋದ್ರೆ ಉಳಿದ ಇನ್ನೂರು ಮೀಟರ್ ನಾನೇ ಇಳಿದು ಉಗುರಲ್ಲಿ ಕೆರೀಬೇಕು."

ಬಯಲಿನ ವಾದ ಮುರಿಯಲು ಇವನೇ ಡಿಸ್ಕ್ ಅಡಗಿಸಿದನೇ? ಇನ್ಸ್‌ಪೆಕ್ಟರಮ್ಮ ಅವನ ಕಣ್ಣಲ್ಲೇ ಕಣ್ಣಿಟ್ಟಳು. "ಬಯಲು ಯಾರಿಗೆ ಬೇಕು?"

"ಗಣಿಯವರಿಗೆ. ವಿಜ್ಞಾನದ ಹೆಸರಲ್ಲಿ ಅಲ್ಲೊಂದು ವಿಮಾನಪಟ್ಟಿ ಆದ್ರೆ ಸಾಕು. ಮೊದಲು ನಾವು ಇಳೀತೀವಿ. ಬೆನ್ನಿಗೇ ಅವರ ಯಂತ್ರಗಳು ಇಳೀತಾವೆ."

* * *

ಹನ್ನೊಂದೂಕಾಲು. ಇನ್ಸ್‌ಪೆಕ್ಟರಮ್ಮ ತಂತ್ರಜ್ಞೆಯ ತೋಳು ಹಿಡಿದು ಸಭಾಂಗಣದ ಗೋಡೆಯ ಮುಂದೆ ನಿಲ್ಲಿಸಿದಳು.

"ನನಗೆ ಹಿಮದ ಗಂಧಗಾಳಿ ಇಲ್ಲ. ಹೇಳಿಕೊಡು."

"ಈ ಚಿತ್ರ ಬಯಲಿನ ಗೆರೆ. ಗಾಡಿ ಅಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಹೋಯ್ತು. ಇದು ಗುಮ್ಮಟದ ಗೆರೆ. ಆದ್ರೆ ಗುಮ್ಮಟದಲ್ಲೇ ನಿಲ್ಲಲ್ಲ, ದಕ್ಷಿಣಕ್ಕೆ ಬಂದು ಬಯಲಿನ ಗೆರೆಯನ್ನ ದಾಟುತ್ತೆ."

"ಯಾಕೆ?"

"ಅದು ನಮ್ಮ ಕ್ರಮ. ಒಂದು ಗೆರೆಯ ಮಾತನ್ನ ನಾವು ನಂಬಲ್ಲ. ಅಡ್ಡ ಹಾಯ್ದು ಅದೇ ಜಾಗವನ್ನ ಮತ್ತೆ ಕೇಳ್ತೀವಿ."

ಇನ್ಸ್‌ಪೆಕ್ಟರಮ್ಮ ಗೋಡೆಗೆ ಇನ್ನೊಂದು ಹೆಜ್ಜೆ ಹತ್ತಿರ ಬಂದಳು. ಇಬ್ಬರು ಸಾಕ್ಷಿಗಳನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಅವಳು ಇಪ್ಪತ್ತು ವರ್ಷ ಮಾಡಿದ್ದೂ ಇದನ್ನೇ!

"ಕೂಡೋ ಜಾಗ ಎಲ್ಲಿ? ಓದು. ಜೋರಾಗಿ ಓದು!"

ತಂತ್ರಜ್ಞೆಯ ಬೆರಳು ಒಂದು ಚಿತ್ರದಿಂದ ಇನ್ನೊಂದಕ್ಕೆ ಹಾರಿತು. "ಬಯಲಿನ ಗೆರೆಯಲ್ಲಿ ಮೂರು ಸಾವಿರದ ಇನ್ನೂರು. ಗುಮ್ಮಟದ ಗೆರೆಯಲ್ಲಿ ಅದೇ ಜಾಗ... ಎರಡು ಸಾವಿರದ ನಾನ್ನೂರು. ಅಯ್ಯೋ ಅಕ್ಕಾ, ಬಯಲಿನ ಚಿತ್ರ ತಿದ್ದಿದ್ದಾರೆ! ಅಲ್ಲಿ ಹಿಮ ಜಾರುತ್ತೆ, ಪದರಗಳೆಲ್ಲ ಮಡಚಿ ಮುದ್ದೆಯಾಗಿವೆ. ಇದರಲ್ಲಿ ಹಾಸಿಗೆ ಹಾಸಿದ ಹಾಗೆ ಸಪಾಟು!"

"ತಿದ್ದೋದಿದ್ರೆ ನೀನು ಎಷ್ಟು ಆಳ ಬರೀತಿದ್ದೆ?"

"ಇಷ್ಟಂತೂ ಅಲ್ಲ. ಅಷ್ಟು ದಪ್ಪ ಹಿಮ ಕಂಬಳಿ ಇದ್ದ ಹಾಗೆ. ನೆಲದ ಬಿಸಿ ಹೊರಗೆ ಹೋಗಲ್ಲ. ತಳದ ಹಿಮ, ಅಂದ್ರೆ ತೀರಾ ಹಳೇದೇ, ಕರಗಿ ಹೋಗುತ್ತೆ."

ಇನ್ಸ್‌ಪೆಕ್ಟರಮ್ಮ ಪೇದೆಗೆ ಫೋನ್ ಮಾಡಿದಳು. ಎರಡೇ ವಾಕ್ಯ.

* * *

ಸಮಿತಿಯ ಏಳು ಜನರಲ್ಲಿ ಹಿಮ ತುಳಿದವರು ಇಬ್ಬರು. ಉಳಿದ ಐವರು ಕುರ್ಚಿ ಬೆಚ್ಚಗೆ ಮಾಡಿದವರು.

"ಡಿಸ್ಕ್ ಕದ್ದವನೇ ಚಿತ್ರ ತಿದ್ದಿದವನು," ಎಂದಳು ಇನ್ಸ್‌ಪೆಕ್ಟರಮ್ಮ. "ಮೂಲ ಇದ್ರೆ ಸುಳ್ಳು ಸಿಕ್ಕಿಬೀಳ್ತಿತ್ತು. ಅನುಮಾನ ಇರೋದು ಮೂವರ ಮೇಲೆ. ಬೈರಿಗೆ ತನ್ನ ಹಗ್ಗ ಮುಟ್ಟದಷ್ಟು ಆಳ ಬರೆಯಲ್ಲ. ಈ ಹುಡುಗಿ ತಳ ಕರಗೋವಷ್ಟು ಆಳ ಬರೆಯಲ್ಲ. ಆಳ ಹೆಚ್ಚಾದಷ್ಟೂ ಒಳ್ಳೇದು ಅಂತ ನಂಬಿದವನು ಒಬ್ಬನೇ. ಗಣಿಯವರ ವಿಮಾನಪಟ್ಟಿಗಾಗಿ ಬಯಲಿನ ಗೆರೆ ಮಾತ್ರ ತಿದ್ದಿದ. ಇನ್ನೊಂದು ಗೆರೆ ಗುಮ್ಮಟದ್ದು, ಅದಕ್ಕೂ ಬಯಲಿಗೂ ಸಂಬಂಧವಿಲ್ಲ ಅಂದುಕೊಂಡ. ಹಿಮದ ಮೇಲೆ ಒಂದು ದಿನ ಗಾಡಿ ಓಡಿಸಿದವನು ಹಾಗಂದುಕೊಳ್ಳಲ್ಲ. ಅಲ್ವೇ ನಿರ್ದೇಶಕರೇ?"

ಬಾಗಿಲು ತೆರೆಯಿತು. ಪೇದೆಯ ಕೈಯಲ್ಲಿ ಡಿಸ್ಕ್. "ಸಾಹೇಬರ ಕಾರಲ್ಲಿತ್ತು. ಸೀಟಿನ ಕೆಳಗೆ."

ನಿರ್ದೇಶಕ ಕುಸಿದು ಕೂತ. "ಒಂದು ತೂತು! ಅದು ಎಲ್ಲಿದ್ರೇನು? ಇಷ್ಟು ರಾದ್ಧಾಂತ ಬೇಕಾ?"

"ತೂತಲ್ಲ ಸಾರ್, ಸಾಕ್ಷಿ," ತಂತ್ರಜ್ಞೆ ಎದ್ದು ನಿಂತಳು. "ಹಳೇ ಗಾಳಿ ಆ ಹಿಮದ ಗುಳ್ಳೆಗಳಲ್ಲಿ ಕೂತಿದೆ. ಆಗ ಗಾಳಿ ಹೇಗಿತ್ತು, ಹೊಗೆ ಕಕ್ಕಿದವರು ಅದನ್ನ ಏನು ಮಾಡಿದ್ರು, ಎಲ್ಲಾ ಹೇಳುತ್ತೆ. ಮುದ್ದೆಯಾದ ಪದರ ಕೊರೆದ್ರೆ ಸಾಕ್ಷಿ ತೊದಲುತ್ತೆ. ತೊದಲಲಿ ಅಂತಲೇ ಕೆಲವರಿಗೆ ಆಸೆ. ಗುಮ್ಮಟದಲ್ಲಿ ಹಿಮ ಪಕ್ಕಕ್ಕೆ ಜಾರಲ್ಲ. ಅಲ್ಲಿ ಕೊರೀರಿ!"

ಒಂದು ಕೈ ಎದ್ದಿತು. ಎರಡು. ಐದು. ಕೊನೆಗೆ ಏಳೂ.

"ತಂಗೀ, ಗುಮ್ಮಟದ ದಾರಿ ನಿನಗೊಬ್ಬಳಿಗೇ ಗೊತ್ತಿರೋದು!" ಬೈರಿಗೆ ಬಾಗಿಲಿಂದ ಕೂಗಿದ. "ಹಡಗು ಕಾಯಲ್ಲ, ಪೆಟ್ಟಿಗೆ ಕಟ್ಟು!"

ತಂತ್ರಜ್ಞೆ ಆಗಲೇ ಓಡುತ್ತಿದ್ದಳು.