ಕಚ್ಚಾ ಹೊಲಿಗೆ

"ಅಕ್ಕಾ, ಪುಟ್ಟಿ ಯೂನಿಫಾರ್ಮ್ ತೋಳಿನ ಹತ್ತಿರ ಬಿಗಿಯಾಗ್ತಿದೆ. ನಾಳೆ ಕಾಲೇಜಿನ ಸಂದರ್ಶನಕ್ಕೆ ಎಲ್ಲರೂ ಅವರವರ ಶಾಲೆ ಯೂನಿಫಾರ್ಮಲ್ಲೇ ಬರಬೇಕಂತೆ. ಸ್ವಲ್ಪ ಸಡಿಲ ಮಾಡ್ಕೊಡ್ತೀರಾ?"

ವಾರಗಿತ್ತಿ ಹೀಗೆ ಕೇಳಿದ್ದೇ ತಡ, ಹೊಲಿಗೆ ಮೆಷಿನ್ನಿನ ಮುಂದಿದ್ದ ಹಿರಿಯವಳ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ಒಂದೇ ಮನೆ, ಒಂದೇ ಒಲೆ. ಆದರೆ ಇವಳ ಮಗಳು ಕೋಟು ತೊಟ್ಟು ಖಾಸಗಿ ಶಾಲೆಗೆ ಹೋದವಳು, ಮೈದುನನ ಮಗಳು ಪುಟ್ಟಿ ಸರ್ಕಾರಿ ಶಾಲೆಗೆ. ಮಗಳ ಫೀಸಿಗಾಗಿ ಊರವರ ಬಟ್ಟೆಯನ್ನೆಲ್ಲ ಹೊಲಿದು ಇವಳ ಸೊಂಟ ಬಿದ್ದುಹೋಗಿತ್ತು. ಈಗ ನೋಡಿದರೆ, ಆ ದೊಡ್ಡ ಕಾಲೇಜು ಅರ್ಧ ಸೀಟುಗಳನ್ನು ಸರ್ಕಾರಿ ಶಾಲೆಯವರಿಗೇ ಎತ್ತಿಟ್ಟಿದೆಯಂತೆ! ಮಗಳ ಜೊತೆಗೆ, ಅವಳಿಗಿಂತ ಕಡಿಮೆ ಅಂಕ ತೆಗೆದ ಪುಟ್ಟಿಗೂ ಸಂದರ್ಶನಕ್ಕೆ ಕರೆ ಬಂದಿತ್ತು. ಗಂಡನ ಹತ್ತಿರ ಹೇಳಿಕೊಂಡರೆ, ಗಣಿತಕ್ಕೆ ಮೇಷ್ಟ್ರೇ ಇಲ್ಲದ ಶಾಲೆಯಲ್ಲಿ ಅಷ್ಟು ತೆಗೆದಿದ್ದಾಳಲ್ಲ ಎಂದು ಅವನು ಪುಟ್ಟಿಯನ್ನೇ ಹೊಗಳಿದ. ಇವಳಿಗೆ ಗಾಯದ ಮೇಲೆ ಉಪ್ಪು ಸುರಿದಂತಾಯಿತು.

ತೋಳನ್ನು ಬಿಚ್ಚಿ, ಬಟ್ಟೆ ಜರುಗದಂತೆ ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿದಳು. ಇನ್ನು ಅದರ ಮೇಲೆ ಮೆಷಿನ್ ಓಡಿಸಬೇಕು. ಕಾಲನ್ನು ಪೆಡಲಿನ ಮೇಲೆ ಇಟ್ಟಳು... ತೆಗೆದಳು. ನಾಳೆ ಪುಟ್ಟಿ ಸಂದರ್ಶನದಲ್ಲಿ ನಮಸ್ಕರಿಸಲು ಕೈಯೆತ್ತಿದರೆ ಬಿಚ್ಚೀತು. ಬಿಚ್ಚಲಿ! ಇಸ್ತ್ರಿ ಹಾಕಿ, ನಗುನಗುತ್ತಲೇ ಕೊಟ್ಟುಬಿಟ್ಟಳು.

ಮರುದಿನ ಸಂಜೆ ಹುಡುಗಿಯರಿಬ್ಬರೂ ಮನೆಗೆ ಬಂದರು. ಮಗಳ ಕೋಟು ಪುಟ್ಟಿಯ ಮೈಮೇಲಿತ್ತು.

ಕಾಲೇಜಿನ ಬಾಗಿಲಲ್ಲೇ ತೋಳು ಕಿತ್ತು ಬಂದು ಪುಟ್ಟಿ ಅಳತೊಡಗಿದಳಂತೆ. ಮಗಳು ತನ್ನ ಕೋಟು ಬಿಚ್ಚಿ ತೊಡಿಸಿ, ಯಾರಾದರೂ ಕೇಳಿದರೆ ಹರಿದ ತೋಳು ತೋರಿಸು ಎಂದು ಒಳಗೆ ತಳ್ಳಿದಳಂತೆ. ಪುಟ್ಟಿ ಹೊರಗೆ ಬರುವ ಮೊದಲೇ ಪಕ್ಕದ ಕೋಣೆಯಿಂದ ಮಗಳಿಗೂ ಕರೆ ಬಂತಂತೆ.

"ಮತ್ತೆ ನೀನು?" ತಾಯಿ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ಕೇಳಿದಳು.

"ಹಾಗೇ ಹೋದೆ. ಯೂನಿಫಾರ್ಮ್ ಪೂರ್ತಿ ಹಾಕಿಲ್ಲ ಯಾಕೆ ಅಂದ್ರು. ತಂಗಿಗೆ ಕೊಟ್ಟೆ ಅಂದೆ. ಏನೋ ಬರ್ಕೊಂಡ್ರು."

ಕತ್ತಲಾಗುವ ಮುನ್ನ ಫಲಿತಾಂಶ ಬಂತು. ಪುಟ್ಟಿಗೆ ಸೀಟು ಸಿಕ್ಕಿತ್ತು. ಮಗಳಿಗೆ ಇಲ್ಲ. ಅಂಕದಿಂದ ಹೋಯಿತೋ, ಕೋಟಿನಿಂದ ಹೋಯಿತೋ... ಇನ್ನು ಜನ್ಮಪೂರ್ತಿ ಆ ತಾಯಿಗೆ ಗೊತ್ತಾಗುವಂತಿಲ್ಲ!

ವಾರಗಿತ್ತಿ ಹರಿದ ಅಂಗಿ ಹಿಡಿದು ಬಂದಳು. ಪುಟ್ಟಿಗೆ ಸೀಟು ಸಿಕ್ಕರೂ ಅವಳ ಮುಖದಲ್ಲಿ ಸಂಭ್ರಮವಿರಲಿಲ್ಲ. "ನಮ್ಮವಳೇ ಎಲ್ಲೋ ಎಳ್ಕೊಂಡಿದಾಳೆ ಅಕ್ಕಾ. ನಿಮ್ಮ ಹೊಲಿಗೆ ಯಾವತ್ತಾದ್ರೂ ಬಿಚ್ಚಿದ್ದುಂಟಾ? ಅವಳಿಂದ ಅಕ್ಕನ ಸೀಟು ಹೋಯ್ತೇನೋ ಅಂತ ನನ್ನ ಕರುಳು ಚುರುಕ್ ಅಂತಿದೆ," ಎಂದು ಅಂಗಿಯನ್ನು ಮೆಷಿನ್ನಿನ ಮೇಲಿಟ್ಟು, ಕಣ್ಣೊರೆಸಿಕೊಂಡು ಒಳಗೆ ಹೋದಳು.

ಹಿರಿಯವಳಿಗೆ ತಲೆಯೆತ್ತಲಾಗಲಿಲ್ಲ. ಮಗಳು ಆ ಅಂಗಿಯನ್ನು ಒಳಮಗ್ಗುಲಿಗೆ ತಿರುವಿದಳು. ಚಿಕ್ಕಂದಿನಿಂದ ಮೆಷಿನ್ನಿನ ಪಕ್ಕದಲ್ಲೇ ಕೂತು ಓದಿದವಳು ಅವಳು. ಕಂಕುಳಲ್ಲಿ ಉಳಿದಿದ್ದ ಕಚ್ಚಾ ಹೊಲಿಗೆಯ ದಾರವನ್ನು ಎರಡು ಬೆರಳಲ್ಲಿ ಎಳೆದಳು. ಅದು ಸಲೀಸಾಗಿ ಕೈಗೆ ಬಂತು. ತಾಯಿಯ ಮುಖವನ್ನು ಬಹಳ ಹೊತ್ತು ನೋಡಿದಳು.

"ಪುಟ್ಟಿ ನಾಳೆ ಕಾಲೇಜಿಗೆ ಸೇರೋಕೆ ಇದನ್ನೇ ಹಾಕ್ಕೊಂಡು ಹೋಗ್ಬೇಕು," ಎಂದು ಅಂಗಿಯನ್ನು ತಾಯಿಯ ಮಡಿಲಲ್ಲಿಟ್ಟಳು. "ಈ ಸಲ ಮೆಷಿನ್ ಓಡಿಸಮ್ಮ."

ತಾಯಿ ಪೆಡಲಿನ ಮೇಲೆ ಕಾಲಿಟ್ಟಳು. ಕಣ್ಣು ತುಂಬಿ ಸೂಜಿ ಕಾಣಲಿಲ್ಲ. ಮಗಳೇ ಬಗ್ಗಿ ದಾರ ಪೋಣಿಸಿಕೊಟ್ಟಳು.