ಅಳಿಸಿದ ಎಂಟು

ಮೆಟ್ಟಿಲ ಮೇಲೆ ಕೂತು ಚೂಟಿ ರಬ್ಬರಿನಿಂದ ಎಂಟನ್ನು ತಿಕ್ಕಿ ತಿಕ್ಕಿ ಅಳಿಸಿದಳು. ಆ ಜಾಗದಲ್ಲಿ ದುಂಡಗೆ ಎರಡು ಬರೆದಳು.

"ಉಸ್ಸಪ್ಪಾ! ನಿನ್ನ ಕೌನ್ಸೆಲರ್ ಆಂಟಿಗೆ ನಾಲ್ಕನೇ ಮಹಡೀನೇ ಬೇಕಿತ್ತಾ?" ಏದುಸಿರು ಬಿಡುತ್ತಾ ಅಜ್ಜ ಹತ್ತಿ ಬಂದರು.

ಪಾಪ, ಅವರಿಗೆ ಮಂಡಿನೋವು. ಆದರೂ ಪ್ರತಿ ವಾರ ಮೆಟ್ಟಿಲೇ ಗತಿ. ಒಮ್ಮೆ ಲಿಫ್ಟಿನಲ್ಲಿ ಒಬ್ಬಳೇ ಸಿಕ್ಕಿಹಾಕಿಕೊಂಡಾಗಿನಿಂದ ಚೂಟಿ ಅದರ ಹತ್ತಿರವೂ ಸುಳಿಯುತ್ತಿರಲಿಲ್ಲ.

ಲಿಫ್ಟಿನ ಭಯ ಹತ್ತಕ್ಕೆ ಎಷ್ಟು ಅಂತ ಪ್ರತಿ ವಾರ ಆಂಟಿ ಕೊಟ್ಟ ಶೀಟಿನಲ್ಲಿ ಬರೆಯಬೇಕಿತ್ತು. ಮೊದಲ ವಾರ ಎಂಟು. ಎರಡನೇ ವಾರವೂ ಎಂಟೇ! ಟೆಸ್ಟಿನಲ್ಲಿ ಫೇಲ್ ಆದಷ್ಟು ನಾಚಿಕೆಯಾಗಿತ್ತು ಅವಳಿಗೆ. ಅದಕ್ಕೇ ಆಮೇಲೆ ಐದು ಬರೆದಳು, ಇವತ್ತು ಎರಡು.

ರೂಮಿನೊಳಗೆ ಆಂಟಿ ಶೀಟ್ ನೋಡಿದರು. "ಅರೆ, ಜಾರುಬಂಡೆ ಥರ ಇಳಿದುಬಿಟ್ಟಿದೆ! ಹಾಗಿದ್ರೆ ಇನ್ಮೇಲೆ ಬರೋದು ಬೇಡ್ವಾ?"

ಚೂಟಿ ಬಾಗಿಲ ಕಡೆ ನೋಡಿದಳು. ಬಾಗಿಲಾಚೆ ಬೆಂಚಿನ ಮೇಲೆ ಅಜ್ಜ ಮಂಡಿ ಉಜ್ಜಿಕೊಳ್ಳುತ್ತಿದ್ದರು. ಇನ್ನು ಜೀವನಪೂರ್ತಿ ಮೆಟ್ಟಿಲೇನಾ?

"ಆಂಟೀ, ಅದು ಸುಳ್ಳು. ಈಗ್ಲೂ ಎಂಟೇ ಇದೆ." ಅವಳ ಕಣ್ಣು ತುಂಬಿತು. "ನಿಮಗೆ ಬೇಜಾರಾಗುತ್ತೆ ಅಂತ..."

"ಅಯ್ಯೋ ಪುಟ್ಟಾ, ಇದೇನು ಮಾರ್ಕ್ಸ್ ಕಾರ್ಡಾ? ಕಡಿಮೆ ಆಗ್ತಿಲ್ಲ ಅಂತ ಗೊತ್ತಾದ್ರೆ ತಾನೇ ನಾನು ಬೇರೆ ದಾರಿ ಹುಡುಕೋದು?"

ಚೂಟಿ ಮೂಗೊರೆಸಿಕೊಂಡಳು. ಎರಡನ್ನು ಹೊಡೆದುಹಾಕಿ ಪೆನ್ನಿನಲ್ಲೇ ಎಂಟು ಬರೆದಳು. ಐದರ ಗತಿಯೂ ಅದೇ ಆಯಿತು.

"ಇವತ್ತು ಲಿಫ್ಟಲ್ಲಿ ಒಂದೇ ಒಂದು ಮಹಡಿ ಇಳೀತೀಯಾ? ಅಜ್ಜ ಜೊತೇಲಿರ್ತಾರೆ. ಭಯ ಎಂಟೇ ಇರ್ಲಿ, ಪರವಾಗಿಲ್ಲ."

"ಹೂಂ," ಅಂದಳು ಚೂಟಿ, ಹಲ್ಲು ಕಚ್ಚಿ.

ಲಿಫ್ಟಿನ ಬಾಗಿಲು ಮುಚ್ಚಿಕೊಂಡಿತು. ಚೂಟಿ ಅಜ್ಜನ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಷ್ಟರಲ್ಲಿ ಬಾಗಿಲು ತೆರೆಯಿತು. ಮೂರನೇ ಮಹಡಿ!

"ಶಭಾಷ್! ಭಯ ಹೋಯ್ತಾ?" ಅಂದರು ಅಜ್ಜ.

"ಎಲ್ಲಿ ಹೋಯ್ತು? ಎಂಟೇ ಇದೆ. ಎಂಟೂವರೆ ಅಂತಾನೇ ಇಟ್ಕೋ."

"ಸರಿ ಬಿಡು," ಎಂದು ಅಜ್ಜ ಹೊರಗೆ ಕಾಲಿಟ್ಟು, ಮಂಡಿ ಹಿಡಿದುಕೊಂಡು ಮೆಟ್ಟಿಲ ಕಡೆ ತಿರುಗಿದರು.

ಚೂಟಿ ಅಲ್ಲಾಡಲಿಲ್ಲ. ನಿಂತೇ ಇದ್ದಳು, ಲಿಫ್ಟಿನೊಳಗೇ.

"ಅಜ್ಜಾ, ಆ ಕಡೆ ಎಲ್ಲಿಗೆ ಹೊರಟೆ? ಬಾ ಇಲ್ಲಿ," ಎಂದು ಅವಳು ಎರಡನೇ ಮಹಡಿಯ ಬಟನ್ ಒತ್ತಿದಳು.