ವಾಲ್ಸಿನ್ ಮಾವನಿಗೆ ಮೆರ್ಸಿ ಹೇಳಿದವರು ಯಾರು

ಈ ಕತೆಯನ್ನು ಚೆನ್ನಾಗಿ ಹೇಳುವವರು ಬೇರೆ ಇದ್ದಾರೆ. ನನಗೆ ಹಿಂದುಮುಂದಾಗುತ್ತದೆ, ಹೇಳಿದ್ದನ್ನೇ ಬಿಡಿಸಿ ಬಿಡಿಸಿ ಹೇಳುತ್ತೇನೆ. ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ.

ಬಹಳ ಹಿಂದೆ, ನೆಲ ಯಾವುದು ನೀರು ಯಾವುದು ಎಂದು ಕಾಲಿಟ್ಟ ಮೇಲೆಯೇ ತಿಳಿಯುವಂಥ ಒಂದು ರಾಜ್ಯವಿತ್ತು. ಅಲ್ಲಿ ಮರಗಳು ನೀರಿನಲ್ಲೇ ನಿಂತು ಬೂದು ಗಡ್ಡ ಇಳಿಬಿಟ್ಟಿದ್ದವು. ನಿಜವಾದ ಗಡ್ಡವಲ್ಲ, ಕೊಂಬೆಯಿಂದ ಜೋಲುವ ಒಂದು ಬಗೆಯ ಪಾಚಿ. ಅಲ್ಲಿನ ಒಂದು ಹೊಳೆಯ ದಂಡೆಯಲ್ಲಿ ಕೇಜನ್ ಜನ ಇದ್ದರು. ಅವರ ಅಜ್ಜಂದಿರನ್ನು ಉತ್ತರದ ಚಳಿನಾಡಿನಿಂದ ಒಬ್ಬ ರಾಜ ಓಡಿಸಿದ್ದ. ಅಂದಿನಿಂದ ಅವರು ಒತ್ತೊತ್ತಾಗಿ ಬದುಕುತ್ತಿದ್ದರು. ಒಂದು ಮನೆಯಲ್ಲಿ ಮೆಣಸು ಹುರಿದರೆ ಊರೆಲ್ಲ ಸೀನುತ್ತಿತ್ತು.

ಆ ಊರಿಗೆ ವೈದ್ಯ ವಾಲ್ಸಿನ್ ಮಾವ. ಎಲ್ಲರಿಗೂ ಅವನು ಮಾವನೇ. ನೋವಿದ್ದಲ್ಲಿ ಕೈಯಿಟ್ಟು ತುಟಿಯಲ್ಲೇ ಏನೋ ಜಪಿಸುತ್ತಿದ್ದ, ನೋವು ಹೋಗುತ್ತಿತ್ತು. ಆದರೆ ಒಂದು ಕಟ್ಟಳೆ. ಗುಣವಾದವರು ಅವನಿಗೆ ‘ಮೆರ್ಸಿ’ ಅನ್ನಬಾರದು. ಮೆರ್ಸಿ ಎಂದರೆ ಅವರ ಮಾತಿನಲ್ಲಿ ‘ಉಪಕಾರವಾಯಿತು’ ಎಂದು. ಹಾಗೆ ಅಂದುಬಿಟ್ಟರೆ ಮಂತ್ರ ಬಿಚ್ಚಿಕೊಂಡು ರೋಗ ಮರಳಿ ಬರುತ್ತಿತ್ತು. ಆದ್ದರಿಂದ ಜನ ಸದ್ದಿಲ್ಲದೆ ಅವನ ಜಗಲಿಯಲ್ಲಿ ಒಂದು ಬುಟ್ಟಿ ಬೆಂಡೆಕಾಯಿಯನ್ನೋ ರೊಟ್ಟಿಯನ್ನೋ ಇಟ್ಟು ಹೋಗುತ್ತಿದ್ದರು.

ಒಮ್ಮೆ, ಒಂದೇ ವಾರದಲ್ಲಿ, ಗುಣವಾಗಿದ್ದ ರೋಗಗಳೆಲ್ಲ ಮರಳಿ ಬಂದವು.

‘ವಾಲ್ಸಿನ್ ಕೈ ಕೆಟ್ಟಿದೆ, ಊರ ಹೊರಗಿನ ಆ ಮಾಟಗಾರನ ಜೊತೆ ಸೇರಿದ್ದಾನೆ’ ಎಂದು ಊರು ಗುಸುಗುಸು ಎಂದಿತು. ಊರಿನ ಹಿರಿಯಳು ಒದೀಲ್ ಅತ್ತೆ ತೀರ್ಪು ಹೇಳಿದಳು: ಶನಿವಾರ ರಾತ್ರಿ ಊರ ಕುಣಿತ ಶುರುವಾಗುವುದರೊಳಗೆ ಅವನು ದೋಣಿ ಹತ್ತಿ ಹೊಳೆ ದಾಟಿ ಹೋಗಬೇಕು. ಹರಿಯುವ ನೀರು ದಾಟಿದ ವೈದ್ಯನ ಕೈಗುಣ ಉಳಿಯುವುದಿಲ್ಲ. ಇದು ಎಲ್ಲರಿಗೂ ಗೊತ್ತಿತ್ತು, ಅವಳಿಗೂ.

ವಾಲ್ಸಿನನ ಅಕ್ಕನ ಮಗಳು ಅಜೇಲಿ ಸೀಗಡಿ ಹಿಡಿಯುವವಳು. ಅವಳನ್ನು ಸಾಕಿದವನು ಆ ಮಾವನೇ. ‘ಯಾರೋ ಮೆರ್ಸಿ ಅಂದಿದ್ದಾರೆ. ಯಾರೆಂದು ಹುಡುಕುತ್ತೇನೆ’ ಎಂದು ಅವಳು ಹೊರಟಳು.

ಮೊದಲು ಬಡಗಿ ದ್ರೋಜಿನನ ಮನೆ. ಅವನ ಕೆನ್ನೆ ಹಲ್ಲುನೋವಿಗೆ ಉಬ್ಬಿತ್ತು, ಬಾಯಿಗೆ ಬಟ್ಟೆ ಕಟ್ಟಿತ್ತು.

‘ಮಾವನಿಗೆ ಮೆರ್ಸಿ ಅಂದೆಯಾ ದ್ರೋಜಿನ್?’

ಅವನು ಬಟ್ಟೆ ಸರಿಸಿದ. ‘ನಾನು ಹೆಂಡತಿಗೇ ಅಂದವನಲ್ಲ. ಆದರೂ ನಿದ್ದೆಯಲ್ಲಿ ಅಂದುಬಿಟ್ಟೆನೋ ಏನೋ, ಅದಕ್ಕೇ ಈ ಬಟ್ಟೆ. ಯಾರಿಗೂ ಹೇಳಬೇಡ, ತಾಯಿ.’

ಎರಡನೆಯದು ಉರ್ಸೂಲಳ ಮನೆ. ಅವಳ ಕೂಸಿಗೆ ನಾಯಿಕೆಮ್ಮು. ಅವಳೂ ಅಳುತ್ತ ಅದನ್ನೇ ಹೇಳಿದಳು: ‘ನಾನು ಅನ್ನಲಿಲ್ಲ ಅಜೇಲಿ, ಆದರೆ ಮನಸ್ಸಿನಲ್ಲಿ ಅಂದುಕೊಂಡೆ. ಅದಕ್ಕೇ ಹೀಗಾಯಿತೇನೋ.’

ಮೂರನೆಯದು ಒದೀಲ್ ಅತ್ತೆಯದು. ಅವಳಿಗೆ ಮೊಣಕಾಲು ನೋವು. ಅದನ್ನು ತಿಕ್ಕುತ್ತ, ಎಂದಿನಂತೆ ಒಮ್ಮೆ ಕೆಮ್ಮಿ ಹೇಳಿದಳು: ‘ನನ್ನಿಂದಲೇ ಆಗಿರಬೇಕು ಅನಿಸಿತ್ತು. ವಯಸ್ಸಾಯಿತು, ಏನು ಅಂದೆನೋ ನೆನಪಿರುವುದಿಲ್ಲ. ಒಪ್ಪಿಕೊಳ್ಳಲು ನಾಚಿಕೆ.’

ಅಜೇಲಿ ಅಲ್ಲಿಯೇ ಕುಳಿತುಬಿಟ್ಟಳು. ಪ್ರತಿಯೊಬ್ಬರೂ ತಪ್ಪು ತನ್ನದೇ ಇರಬೇಕೆಂದು ಹೆದರಿ ಬಾಯಿ ಮುಚ್ಚಿದ್ದರು. ಅವರೆಲ್ಲರ ಮೌನ ಸೇರಿ ಒಬ್ಬ ಮುದುಕನನ್ನು ದೋಣಿ ಹತ್ತಿಸುತ್ತಿತ್ತು.

ಶನಿವಾರ ಸಂಜೆ ಮಾವ ಗಂಟು ಕಟ್ಟುತ್ತಿದ್ದ. ಅಜೇಲಿ ಜಗಲಿಯ ಬುಟ್ಟಿಗಳ ಹಿಂದೆ ಅಡಗಿ ಕುಳಿತಳು. ಒಂದು ಬೂದು ಹಕ್ಕಿ ಬಂದು ಕಟಕಟೆಯ ಮೇಲೆ ಕುಳಿತು, ಅಚ್ಚು ದ್ರೋಜಿನನ ದನಿಯಲ್ಲಿ ‘ಮೆರ್ಸಿ, ವಾಲ್ಸಿನ್’ ಎಂದಿತು. ಆಮೇಲೆ ಉರ್ಸೂಲಳ ದನಿಯಲ್ಲಿ. ಆಮೇಲೆ ಒದೀಲ್ ಅತ್ತೆಯ ದನಿಯಲ್ಲಿ, ಅವಳ ಕೆಮ್ಮನ್ನೂ ಸೇರಿಸಿ.

ಅಜೇಲಿ ಕಲ್ಲೆತ್ತಿದಳು.

‘ಎಸೆ ನೋಡೋಣ’ ಎಂದಿತು ಹಕ್ಕಿ. ‘ನಾನು ಮಾಟಗಾರ ಬಾಲ್ತಜಾರ್. ಕಲ್ಲು ನನ್ನನ್ನು ಮುಟ್ಟುವ ಮೊದಲೇ ನೀನು ಸೀಗಡಿಯಾಗಿರುತ್ತೀಯ. ಇವನ ಜಗಲಿಗೆ ದಿನಾ ಬುಟ್ಟಿ ಬರುತ್ತದೆ. ನನ್ನ ಬಾಗಿಲಿಗೆ ನಾಯಿಯೂ ಬರುವುದಿಲ್ಲ.’

ಅಜೇಲಿಯ ಕೈ ಕೆಳಗಿಳಿಯಿತು. ಹೆದರಿಕೆಯಿಂದಲ್ಲ. ಎದೆಯ ಮೇಲಿದ್ದ ಭಾರ ಇಳಿದಿತ್ತು, ಅದಕ್ಕೆ. ಊರಿನವರು ಯಾರೂ ಮಾವನಿಗೆ ಕೆಡುಕು ಮಾಡಿರಲಿಲ್ಲ. ಆಮೇಲೆ ಅವಳಿಗೆ ಹೊಳೆಯಿತು: ಗುಣ ಮಾಡುವುದೂ ಮಂತ್ರ, ಹಕ್ಕಿಯಾಗುವುದೂ ಮಂತ್ರ.

‘ಬಾಲ್ತಜಾರ್, ನಮ್ಮವರು ಯಾರೂ ತಪ್ಪು ಮಾಡಿಲ್ಲವೆಂದು ನೀನೇ ಬಾಯಿಬಿಟ್ಟು ತಿಳಿಸಿದೆ’ ಎಂದಳು. ‘ನಿಜವಾಗಿಯೂ, ಮನಸಾರೆ, ಮೆರ್ಸಿ.’

ಹಕ್ಕಿ ಹೋಗಿ ಮನುಷ್ಯನಾಯಿತು. ಸಣ್ಣ ಮನುಷ್ಯನೂ ಅಲ್ಲ, ಎಮ್ಮೆಯಷ್ಟು ದಪ್ಪ. ಕಟಕಟೆ ಮುರಿಯಿತು, ಅವನು ಬೆನ್ನಡಿಯಾಗಿ ಬೆಂಡೆಕಾಯಿ ಬುಟ್ಟಿಗಳ ಮೇಲೆ ಬಿದ್ದ. ಅವನು ಕಟ್ಟಿದ್ದ ಮಾಟವೆಲ್ಲ ಬಿಚ್ಚಿತು. ಉರ್ಸೂಲಳ ಕೂಸು ಕೆಮ್ಮು ನಿಲ್ಲಿಸಿ ನಿದ್ದೆಹೋಯಿತು. ದ್ರೋಜಿನ್ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಕಬ್ಬನ್ನು ಹಲ್ಲಿನಲ್ಲೇ ಸಿಗಿದ. ಸದ್ದಿಗೆ ಊರೆಲ್ಲ ಸೇರಿತು, ಒದೀಲ್ ಅತ್ತೆಯಂತೂ ಓಡಿಬಂದಳು, ಓಡಲಾರೆ ಎಂಬುದನ್ನು ಮರೆತೇ.

ಅಜೇಲಿಯಿಂದ ಎಲ್ಲ ಕೇಳಿ, ‘ವಾಲ್ಸಿನ್, ಆ ಗಂಟು ಬಿಚ್ಚು’ ಎಂದಳು. ‘ನಾವು ಒಬ್ಬರನ್ನೊಬ್ಬರು ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ.’

‘ಬಿಚ್ಚುತ್ತೇನೆ’ ಎಂದ ಮಾವ. ‘ಸರಿಯಾಗಿ ಕಟ್ಟಿಯೂ ಇರಲಿಲ್ಲ.’

ಬಾಲ್ತಜಾರ್ ಏಳಲಾರದೆ ಬಿದ್ದಿದ್ದ. ವೈದ್ಯ ತಾನಾಗಿ ಬರುವಂತಿಲ್ಲ, ರೋಗಿಯೇ ಕೇಳಬೇಕು. ಅದೂ ಕಟ್ಟಳೆ. ಎಲ್ಲರೂ ಸುತ್ತ ಕುಳಿತು ಕಾದರು. ಕುಣಿತಕ್ಕೆಂದು ಬಂದಿದ್ದ ಪಿಟೀಲಿನವನು ತಂತಿ ಬಿಗಿದ. ಕೊನೆಗೆ ಬಾಲ್ತಜಾರ್ ಗೋಡೆ ಕಡೆ ಮುಖ ಮಾಡಿ, ‘ಬೆನ್ನು ನೋಯುತ್ತಿದೆ ಮಾವಾ, ಸ್ವಲ್ಪ ನೋಡುತ್ತೀಯಾ’ ಎಂದ.

ಮಾವ ಕೈಯಿಟ್ಟ. ನೋವು ಹೋಯಿತು. ಬಾಲ್ತಜಾರನ ಕಣ್ಣು ತುಂಬಿ, ತುಟಿ ತೆರೆಯಿತು. ಊರಿಗೆ ಊರೇ ಹಾರಿಬಿದ್ದು ಅವನ ಬಾಯಿ ಮುಚ್ಚಿತು.

ಅವನನ್ನು ಯಾರೂ ಹೊಳೆ ದಾಟಿಸಲಿಲ್ಲ. ಗಂಬೋ ಕಡಾಯಿಯ ಮುಂದೆ ಕೂರಿಸಿದರು, ಎಲ್ಲರೂ ಉಂಡರು, ಕುಣಿದರು, ಸುಖವಾಗಿದ್ದರು. ಗಂಬೋ ಎಂದರೆ ನಮ್ಮ ಸಾರಿನ ಹಾಗಲ್ಲ. ಮೊದಲು ಎಣ್ಣೆಯಲ್ಲಿ ಹಿಟ್ಟು ಹುರಿಯಬೇಕು, ಕೈ ಬಿಡದೆ ತಿರುವಬೇಕು, ಬಣ್ಣ ಬೆಲ್ಲದಷ್ಟು ಕೆಂಪಾದ ಮೇಲೆ... ಬಂದೆ, ಬಂದೆ, ನನ್ನನ್ನು ಊಟಕ್ಕೆ ಕರೆಯುತ್ತಿದ್ದಾರೆ. ಕೆಂಪಾದ ಮೇಲೆ ಈರುಳ್ಳಿ, ಆಮೇಲೆ... ಇರಲಿ, ಉಳಿದದ್ದು ಉಂಡು ಬಂದು ಹೇಳುತ್ತೇನೆ.